ಕೋಳಿ ಅಂಗಡಿ ಮುಚ್ಚಿಸಿದ ಹದ್ದು ವರದಿಯಲ್ಲಿ ನಾಪತ್ತೆ

‘ಯೋಜನಾ ಪ್ರದೇಶದಲ್ಲಿ ಸಂರಕ್ಷಿತ ವನ್ಯಜೀವಿಗಳು ಕಂಡುಬಂದಿರುವುದಿಲ್ಲ.’

ಈ ಒಂದು ವಾಕ್ಯ ಬರೆಯಲು ಕಾಡಿಗೆ ಹೋಗಬೇಕಿಲ್ಲ. ಕಸದ ಗುಡ್ಡ ಹತ್ತಬೇಕಿಲ್ಲ. ಮೂಗಿಗೆ ಕರವಸ್ತ್ರವೂ ಬೇಡ. ಹಳೆಯ ವರದಿಯೊಂದನ್ನು ತೆರೆದು, ಊರಿನ ಹೆಸರು ತಿದ್ದಿ, ಪ್ರಿಂಟ್ ಕೊಟ್ಟರೆ ಆಯಿತು. ಎಸಿ ಕೋಣೆಯಲ್ಲಿ ಕೂತವರಿಗೆ ವನ್ಯಜೀವಿ ಕಾಣುವುದಿಲ್ಲ, ನಿಜ. ಹಾಗಾಗಿ ಬರೆದದ್ದನ್ನು ಸುಳ್ಳು ಅನ್ನುವ ಹಾಗೂ ಇಲ್ಲ.

ಕಾನೂನು ಮಾತ್ರ ಬಹಳ ಚೆನ್ನಾಗಿದೆ. ನಮ್ಮಲ್ಲಿ ಕಾನೂನು ಯಾವತ್ತೂ ಚೆನ್ನಾಗಿಯೇ ಇರುತ್ತದೆ. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ ಊರಿನ ಕಸಕ್ಕೆ ದೊಡ್ಡ ಘಟಕ ಕಟ್ಟುವ ಮುಂಚೆ ಪರಿಸರ ಅನುಮತಿ ಬೇಕು. ಇದ್ದದ್ದನ್ನು ವಿಸ್ತರಿಸಲೂ ಬೇಕು. ಅದಕ್ಕೆ ಪರಿಸರ ಪರಿಣಾಮದ ಅಧ್ಯಯನ ಆಗಬೇಕು. ಸುತ್ತಮುತ್ತ ಯಾವ ಪ್ರಾಣಿ, ಯಾವ ಪಕ್ಷಿ, ಯಾವ ಹಾವು ಇದೆ ಎಂದು ಪಟ್ಟಿ ಮಾಡಬೇಕು. ಶೆಡ್ಯೂಲ್ ಒಂದರ ಜೀವಿ, ಅಂದರೆ ಹುಲಿ ಚಿರತೆಗಳಿಗೆ ಇರುವಷ್ಟೇ ಕಟ್ಟುನಿಟ್ಟಿನ ರಕ್ಷಣೆ ಇರುವ ಜೀವಿ ಸಿಕ್ಕರೆ, ಅದರ ಸಂರಕ್ಷಣೆಗೆ ಅರಣ್ಯ ಇಲಾಖೆ ಜೊತೆ ಕೂತು ಯೋಜನೆ ಬರೆಯಬೇಕು. ಅದಕ್ಕೆ ದುಡ್ಡನ್ನೂ ತೆಗೆದಿಡಬೇಕು.

ಈಗ ಅರ್ಥವಾಯಿತಲ್ಲ, ಯಾಕೆ ಯಾರಿಗೂ ಏನೂ ಸಿಗುವುದಿಲ್ಲ ಅಂತ.

ಅಧ್ಯಯನ ಮಾಡುವ ಸಲಹಾ ಸಂಸ್ಥೆಗೆ ಫೀಸು ಕೊಡುವುದು ಯಾರು? ಘಟಕ ಕಟ್ಟಲು ಹೊರಟವರೇ. ಪರೀಕ್ಷೆ ಬರೆದ ಹುಡುಗನೇ ಪೇಪರ್ ತಿದ್ದುವ ಮೇಷ್ಟ್ರಿಗೆ ಸಂಬಳ ಕೊಡುವ ಏರ್ಪಾಡು ಇದು. ಮೇಷ್ಟ್ರು ಫೇಲು ಮಾಡುತ್ತಾರೆಯೇ? ಮಾಡಿದರೆ ಮುಂದಿನ ವರ್ಷ ಬೇರೆ ಮೇಷ್ಟ್ರು.

ಮಹಾರಾಷ್ಟ್ರದ ರತ್ನಾಗಿರಿಯ ಒಂದು ಬಾಕ್ಸೈಟ್ ಗಣಿಯ ವರದಿಯ ಕಥೆ ದೇಶಕ್ಕೆಲ್ಲ ಗೊತ್ತು. 2007ರ ಸುಮಾರಿನದು. ಅದರಲ್ಲಿ ಕೊಂಕಣದ ಹಕ್ಕಿಗಳು ಸ್ಪ್ರೂಸ್ ಮತ್ತು ಬರ್ಚ್ ಮರಗಳ ಕಾಡಿನಲ್ಲಿ ವಾಸವಾಗಿದ್ದವು. ಹಿಮ ಬೀಳುವ ದೇಶದ ಮರಗಳು. ರಷ್ಯಾದ ಗಣಿಯೊಂದರ ವರದಿಯಿಂದ ಎತ್ತಿದ್ದು ಅಂತ ಆಮೇಲೆ ಬಯಲಾಯಿತು. ಅಲ್ಫಾನ್ಸೊ ಮಾವಿನ ತೋಪಿನ ನಡುವೆ ನಿಂತು ಬರ್ಚ್ ಮರ ಕಂಡವರು! ಆ ವರದಿ ಬರೆದವರು ಸಣ್ಣಪುಟ್ಟವರಲ್ಲ, ಜಗತ್ತಿನಾದ್ಯಂತ ಕಚೇರಿ ಇರುವವರು. ಅವರೇ ಹೀಗೆ ಮಾಡಿದ ಮೇಲೆ ನಮ್ಮ ಲೋಕಲ್ ಪಂಡಿತರನ್ನು ಬೈದು ಏನು ಪ್ರಯೋಜನ?

ರತ್ನಾಗಿರಿ ದೂರ ಎನ್ನುವವರಿಗೆ ಹತ್ತಿರದ್ದೇ ಇದೆ. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್. ಯಲಹಂಕ ಪಕ್ಕದ ಜಾರಕಬಂಡೆ ಕಾವಲ್ ಕಾಡನ್ನು ಹಾದುಹೋಗುವ ಯೋಜನೆ. 2014ರಲ್ಲಿ ಅದಕ್ಕೆ ಪರಿಸರ ಅನುಮತಿ ಸಿಕ್ಕಿತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕಡತ ಬಿಚ್ಚಿ ನೋಡಿತು. ಅಧ್ಯಯನದ ಮಾಹಿತಿ ಮೂರು ವರ್ಷಕ್ಕಿಂತ ಹಳೆಯದು. ಕಡಿಯುವ ಮರಗಳ ಲೆಕ್ಕ ಮೊದಲ ಅರ್ಜಿಯಲ್ಲಿ ಕೆಲವು ನೂರು. ಕೊನೆಯ ವರದಿಗೆ ಬರುವಷ್ಟರಲ್ಲಿ ಹದಿನಾರು ಸಾವಿರ ದಾಟಿತ್ತು. ಹೊಸದಾಗಿ ಅಧ್ಯಯನ ಮಾಡಿ ಅಂತ ಕೋರ್ಟ್ ಹೇಳಿತು.

ಮರ ಓಡಿಹೋಗುವುದಿಲ್ಲ. ಹಾರುವುದಿಲ್ಲ. ಬಿಲದಲ್ಲಿ ಅಡಗುವುದಿಲ್ಲ. ನಿಂತಲ್ಲೇ ನಿಂತಿರುತ್ತದೆ. ಅದನ್ನೇ ಎಣಿಸಲು ಬರದವರು ರಾತ್ರಿ ಹೊತ್ತು ಓಡಾಡುವ ಕಾಡುಪಾಪವನ್ನು ಎಣಿಸುತ್ತಾರಂತೆ.

ಕಸದ ಘಟಕಗಳ ವರದಿಯಲ್ಲಿ ಪ್ರಾಣಿಗಳ ಅಧ್ಯಾಯ ಹೇಗಿರುತ್ತದೆ ಅಂತ ಇಂಥ ಕಡತ ಓದಿದವರಿಗೆ ಗೊತ್ತು. ಒಂದು ಕೋಷ್ಟಕ. ಕಾಗೆ, ಗುಬ್ಬಿ, ಮೈನಾ, ಅಳಿಲು, ಓತಿಕ್ಯಾತ. ಪಟ್ಟಿ ಉದ್ದವಾಗಲೆಂದು ಹಸು, ಎಮ್ಮೆ, ಮೇಕೆ, ನಾಯಿ. ಪಕ್ಕದಲ್ಲಿ ಲ್ಯಾಟಿನ್ ಹೆಸರು ಓರೆ ಅಕ್ಷರದಲ್ಲಿ. ಲ್ಯಾಟಿನ್ ಇದ್ದರೆ ವಿಜ್ಞಾನ. ಅಡಿಯಲ್ಲಿ ಒಂದು ಸಾಲು: ‘ಗ್ರಾಮಸ್ಥರನ್ನು ವಿಚಾರಿಸಲಾಗಿ’. ವಿಚಾರಿಸಿಕೊಂಡ ಆ ಗ್ರಾಮಸ್ಥರು ಯಾರು, ಯಾವಾಗ ಸಿಕ್ಕರು, ಏನು ಹೇಳಿದರು? ಗೊತ್ತಿಲ್ಲ. ಅದೇ ಗ್ರಾಮಸ್ಥರು ಘಟಕ ಬೇಡ ಅಂತ ರಸ್ತೆಗೆ ಇಳಿದರೆ ಅವರ ಮಾತಿಗೆ ಬೆಲೆಯಿಲ್ಲ. ನವಿಲು ಇಲ್ಲ ಎಂದರೆ ಮಾತ್ರ ಅವರು ತಜ್ಞರು.

ಇರಲಿ. ಈಗ ಬೇರೊಂದು ಇಲಾಖೆಯ ವನ್ಯಜೀವಿ ಜ್ಞಾನ ನೋಡೋಣ.

ನಮ್ಮ ಅಮೃತಹಳ್ಳಿ ಇರುವುದು ಯಲಹಂಕ ವಾಯುನೆಲೆಗೆ ಹತ್ತಿರ. ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುತ್ತದೆ. ಆಗ ನಮ್ಮ ಬೀದಿಯ ಕೋಳಿ ಅಂಗಡಿಗಳಿಗೆ ಬೀಗ. 2023ರಲ್ಲಿ ಜನವರಿ 30ರಿಂದ ಫೆಬ್ರುವರಿ 20ರವರೆಗೆ, ವಾಯುನೆಲೆಯ ಹತ್ತು ಕಿಲೋಮೀಟರ್ ಸುತ್ತ. 2025ರಲ್ಲಿ ಜನವರಿ 23ರಿಂದ ಫೆಬ್ರುವರಿ 17ರವರೆಗೆ, ಹದಿಮೂರು ಕಿಲೋಮೀಟರ್ ಸುತ್ತ. ಮಾಂಸ ಮಾರುವ ಹಾಗಿಲ್ಲ, ಮೀನು ಮಾರುವ ಹಾಗಿಲ್ಲ, ಹೋಟೆಲಿನಲ್ಲಿ ಬಿರಿಯಾನಿ ಬಡಿಸುವ ಹಾಗಿಲ್ಲ. ಬಿಬಿಎಂಪಿ ಪ್ರಕಟಣೆಯಲ್ಲೇ ಕಾರಣ ಕೊಟ್ಟಿತ್ತು. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬರುತ್ತವೆ. ಹದ್ದು ವಿಮಾನಕ್ಕೆ ಬಡಿದರೆ ಅನಾಹುತ.

ಸರಿಯಾದ ಮಾತು. ಯುದ್ಧವಿಮಾನದ ಎಂಜಿನ್ ಒಳಗೆ ಹದ್ದು ಹೋದರೆ ಪೈಲಟ್‌ನ ಜೀವಕ್ಕೇ ಅಪಾಯ. ಆ ಕಾಳಜಿಯ ಬಗ್ಗೆ ನನ್ನದು ತಕರಾರಿಲ್ಲ.

ತಕರಾರು ಇರುವುದು ಜ್ಞಾನದ ಬಗ್ಗೆ. ಬೆಂಗಳೂರು ಉತ್ತರದಲ್ಲಿ ಹದ್ದು ಇದೆ ಅಂತ ಸರ್ಕಾರಕ್ಕೆ ಗೊತ್ತು. ಅದು ಏನು ತಿನ್ನುತ್ತದೆ ಗೊತ್ತು. ಎಷ್ಟು ದೂರದಿಂದ ಹಾರಿಬರುತ್ತದೆ ಗೊತ್ತು, ಹತ್ತು ಸಾಲದು ಹದಿಮೂರು ಎಂದು ತಿದ್ದಿಕೊಳ್ಳುವಷ್ಟು ಖಚಿತವಾಗಿ ಗೊತ್ತು. ಸಲಹಾ ಸಂಸ್ಥೆ ಬೇಕಾಗಲಿಲ್ಲ. ಲ್ಯಾಟಿನ್ ಹೆಸರು ಬೇಕಾಗಲಿಲ್ಲ. ಗ್ರಾಮಸ್ಥರನ್ನು ವಿಚಾರಿಸಲಿಲ್ಲ. ಏರೋ ಶೋ ಮುಗಿದ ಮರುದಿನ ಈ ಎಲ್ಲ ಪಾಂಡಿತ್ಯ ಎಲ್ಲಿ ಹಾರಿಹೋಗುತ್ತದೆ?

ನಮ್ಮ ಕಡೆಯ ಕೋಳಿ ಅಂಗಡಿಯವರೊಬ್ಬರು ಕೇಳಿದ್ದು ಇದನ್ನೇ. ‘ಅಲ್ಲ ಸಾರ್, ಈ ಹದ್ದು ನನ್ನಂಗಡಿ ಕೋಳೀನೇ ತಿನ್ನಬೇಕಾ? ಮಿಟ್ಟಗಾನಹಳ್ಳಿ ಕ್ವಾರೀಲಿ ಬಿದ್ದಿರೋ ಬೆಂಗಳೂರಿನ ಕಸ ಅದಕ್ಕೆ ಸೇರಲ್ವಾ?’

ಸೇರುತ್ತದೆ ಸ್ವಾಮಿ. ಆದರೆ ಕ್ವಾರಿಗೆ ಬೀಗ ಹಾಕಿದರೆ ಕಸ ಎಲ್ಲಿಗೆ ಹೋಗಬೇಕು? ನಿಮ್ಮ ಅಂಗಡಿಗೆ ಹಾಕಿದರೆ ಹೋಗುವುದು ನಿಮ್ಮ ಸಂಪಾದನೆ ಮಾತ್ರ.

ಅಂದಹಾಗೆ, ಬಿಬಿಎಂಪಿ ಬೆನ್ನಿಗಿಟ್ಟುಕೊಂಡಿದ್ದ 1937ರ ವಿಮಾನ ನಿಯಮಗಳ 91ನೇ ನಿಯಮ ಏರೋ ಇಂಡಿಯಾಕ್ಕೆಂದು ಬರೆದದ್ದಲ್ಲ. ಅದು ವರ್ಷದ 365 ದಿನದ ನಿಯಮ. ವಿಮಾನ ನಿಲ್ದಾಣದ ಹತ್ತು ಕಿಲೋಮೀಟರ್ ಸುತ್ತ ಪ್ರಾಣಿ ಕಡಿಯಬಾರದು, ಹಕ್ಕಿಗಳನ್ನು ಸೆಳೆಯುವಂಥ ಕಸ ಸುರಿಯಬಾರದು ಎನ್ನುತ್ತದೆ. ಕಸ ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಅರ್ಧ ನಿಯಮ ಓದಿ ಕೋಳಿ ಅಂಗಡಿಗೆ ಬೀಗ ಹಾಕಿದವರು ಉಳಿದರ್ಧ ಓದುವಷ್ಟರಲ್ಲಿ ಊಟದ ಹೊತ್ತಾಗಿರಬೇಕು.

ಇನ್ನೂ ಇದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮ. ಭೂಭರ್ತಿ ಘಟಕ ವಿಮಾನ ನಿಲ್ದಾಣದಿಂದ, ವಾಯುನೆಲೆಯಿಂದ 20 ಕಿಲೋಮೀಟರ್ ಆಚೆ ಇರಬೇಕು ಎಂದಿತ್ತು. ತೀರಾ ವಿಶೇಷ ಸಂದರ್ಭದಲ್ಲಿ 10ರಿಂದ 20ರ ನಡುವೆ ಮಾಡಬಹುದಿತ್ತು, ಆದರೆ ವಿಮಾನಯಾನದವರೋ ವಾಯುಪಡೆಯವರೋ ಒಪ್ಪಿಗೆ ಕೊಡಬೇಕಿತ್ತು. ಕೆರೆಯಿಂದ 200 ಮೀಟರ್. ಮನೆಗಳಿಂದ 200 ಮೀಟರ್. ಜೌಗು ಭೂಮಿಯಲ್ಲಿ ಬೇಡ.

ಒಂದು ಕೈವಾರ ತೆಗೆದುಕೊಳ್ಳಿ. ಯಲಹಂಕ ವಾಯುನೆಲೆಯ ಮೇಲೆ ಮುಳ್ಳು ಊರಿ 20 ಕಿಲೋಮೀಟರ್‌ನ ವೃತ್ತ ಎಳೆಯಿರಿ. ದೇವನಹಳ್ಳಿ ವಿಮಾನ ನಿಲ್ದಾಣದ ಸುತ್ತ ಇನ್ನೊಂದು. ಈಗ ಮಾವಳ್ಳಿಪುರ ಎಲ್ಲಿದೆ, ಬೆಳ್ಳಹಳ್ಳಿ ಎಲ್ಲಿದೆ, ಮಿಟ್ಟಗಾನಹಳ್ಳಿ ಎಲ್ಲಿದೆ, ಕಣ್ಣೂರು ಎಲ್ಲಿದೆ ಹುಡುಕಿ. ಎಲ್ಲವೂ ವೃತ್ತದ ಒಳಗೇ. ಬೆಂಗಳೂರಿನ ಕಸಕ್ಕೆ ಸರ್ಕಾರ ಹುಡುಕಿದ ಊರೂ, ನಿಯಮ ಬೇಡ ಎಂದ ಊರೂ ಒಂದೇ. ಇಷ್ಟು ಕರಾರುವಾಕ್ಕಾಗಿ ತಪ್ಪು ಮಾಡಲೂ ಪ್ರತಿಭೆ ಬೇಕು.

ಮಾವಳ್ಳಿಪುರದ ಕಥೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಹೆಸರಘಟ್ಟದ ಮಗ್ಗುಲಿನ ಊರು. 1894ರಲ್ಲಿ ಬೆಂಗಳೂರಿನ ಬಾಯಾರಿಕೆಗೆಂದು ಕಟ್ಟಿದ ಹೆಸರಘಟ್ಟ ಕೆರೆಯ ಆಸುಪಾಸು. ನೀರು ಕೊಟ್ಟ ಸೀಮೆಗೆ ನಗರ ತಿರುಗಿ ಕೊಟ್ಟ ಉಡುಗೊರೆ ಕಸ. ವರ್ಷಗಟ್ಟಲೆ ಲಾರಿಗಳು ಬಂದವು. ಬಾವಿ ಕೆಟ್ಟಿತು. ನೊಣ ಮುತ್ತಿದವು. ಹದ್ದುಗಳು ಎಷ್ಟು ಬಂದವೆಂದರೆ ವಾಯುಪಡೆಯೇ ಗೊಣಗಿತು. ಊರಿನವರು ಲಾರಿ ತಡೆದರು. 2012ರಲ್ಲಿ ಅಲ್ಲಿನ ಕಸದ ಗುಂಡಿಗೆ ಬಾಗಿಲು ಬಿತ್ತು.

ಕಸ ನಿಲ್ಲಲಿಲ್ಲ. ಮಂಡೂರಿಗೆ ಹೆಚ್ಚು ಲಾರಿ ಹೋದವು. ಮಂಡೂರಿನವರೂ ರಸ್ತೆಗೆ ಇಳಿದರು. 2014ರ ಡಿಸೆಂಬರ್ 1ಕ್ಕೆ ಅಲ್ಲೂ ನಿಂತಿತು. ಆಮೇಲೆ ದೊಡ್ಡಬಳ್ಳಾಪುರದ ಕಡೆ. ಆಮೇಲೆ ಬೆಳ್ಳಹಳ್ಳಿ ಕ್ವಾರಿ. ಅದು ತುಂಬಿದ ಮೇಲೆ ಮಿಟ್ಟಗಾನಹಳ್ಳಿ ಕ್ವಾರಿ. ಕಲ್ಲು ತೆಗೆದ ಗುಂಡಿ ಕಂಡರೆ ಸಾಕು, ಈ ನಗರಕ್ಕೆ ತುಂಬಬೇಕು ಅನ್ನಿಸುತ್ತದೆ. ಕಸದ ರಸ ಕೆರೆಗೆ ಇಳಿಯುತ್ತಿದೆ, ಬೋರ್‌ವೆಲ್ ನೀರು ಬಾಯಿಗೆ ಇಡುವ ಹಾಗಿಲ್ಲ ಎಂದು ಕಣ್ಣೂರು, ಮಿಟ್ಟಗಾನಹಳ್ಳಿ ಸುತ್ತಿನವರು ಕೂಗಿ ಗಂಟಲು ಕಟ್ಟಿಕೊಂಡಿದ್ದಾರೆ. ಅವರು ವನ್ಯಜೀವಿ ಕಾಯ್ದೆಯ ಯಾವ ಪಟ್ಟಿಯಲ್ಲೂ ಇಲ್ಲ. ಹಾಗಾಗಿ ಅವರಿಗೆಂದು ಸಂರಕ್ಷಣಾ ಯೋಜನೆ ಬರೆಯುವ ಕಷ್ಟವೂ ಇಲ್ಲ.

ಇಷ್ಟೆಲ್ಲ ಆದರೂ ವಿಸ್ತರಣೆಯ ಮಾತು ನಿಲ್ಲುವುದಿಲ್ಲ. ನಗರದ ನಾಲ್ಕೂ ದಿಕ್ಕಿನಲ್ಲಿ ನೂರು ನೂರು ಎಕರೆ ಬೇಕು ಎನ್ನುವ ಮಾತು ಸರ್ಕಾರದ ಬಾಯಲ್ಲೇ ಬಂದಿದೆ. ದಿನಕ್ಕೆ ಸುಮಾರು ಐದು ಸಾವಿರ ಟನ್ ಕಸ ಹೊರಗೆ ಹಾಕುವ ಊರಿಗೆ ಜಾಗ ಬೇಕು, ಒಪ್ಪೋಣ. ಆದರೆ ಆ ಜಾಗದಲ್ಲಿ ಮೊದಲಿಂದ ಇರುವವರನ್ನು ಒಂದು ಸಲ ನಿಜವಾಗಿ ಎಣಿಸಿ.

ಎಣಿಸಲು ದೂರದರ್ಶಕವೂ ಬೇಡ. ನಮ್ಮ ಅಮೃತಹಳ್ಳಿಯಲ್ಲಿ ಜನ ಕಸ ಎಸೆಯುವ ಯಾವುದಾದರೂ ‘ಬ್ಲ್ಯಾಕ್ ಸ್ಪಾಟ್’ ಪಕ್ಕ ಬೆಳಗ್ಗೆ ಏಳಕ್ಕೆ ನಿಂತು ನೋಡಿ. ಆಟೋ ಟಿಪ್ಪರ್ ಬರುವ ಮುಂಚೆ. ರಾತ್ರಿ ಯಾರೋ ಬೈಕಿನಲ್ಲಿ ಬಂದು ಎಸೆದು ಹೋದ ಕಪ್ಪು ಕವರ್. ಗಂಟು ಬಿಗಿದಿದೆ. ಒಳಗೆ ಕೋಳಿಯ ಕರುಳು, ಪುಕ್ಕ. ನಾಯಿ ಬಂದು ಕವರ್ ಹರಿಯುತ್ತದೆ. ಕಾಗೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಅಷ್ಟರಲ್ಲಿ ಮೇಲಿನಿಂದ ಹದ್ದು ಇಳಿಯುತ್ತದೆ. ನೆಲಕ್ಕೆ ಕಾಲೂರುವುದಿಲ್ಲ. ಹಾರುತ್ತಲೇ ಕಾಲಲ್ಲಿ ಕರುಳು ಎತ್ತಿಕೊಂಡು, ರೆಕ್ಕೆ ಬಡಿಯುತ್ತ, ಹಾರುತ್ತಲೇ ಬಾಯಿಗೆ ಹಾಕಿಕೊಳ್ಳುತ್ತದೆ. ಕರುಳಿನ ಜೊತೆ ಕವರಿನ ಚೂರೂ ಹೋಯಿತು. ಬಾಲದ ತುದಿಯಲ್ಲಿ ಸಣ್ಣ ಕವಲು ಕಾಣುತ್ತದೆ, ಅಷ್ಟು ಹತ್ತಿರ. ಮುಂದಿನ ಕ್ಷಣ ಜಕ್ಕೂರು ಏರೋಡ್ರೋಮ್ ಕಡೆಗೆ.

ಹದ್ದು ರಕ್ಷಿತ ಪಕ್ಷಿ. ವನ್ಯಜೀವಿ ಕಾಯ್ದೆಯ ಹಳೆಯ ಪಟ್ಟಿಯಲ್ಲಿ ಹದ್ದು ಗಿಡುಗಗಳ ಇಡೀ ಕುಟುಂಬವೇ ಶೆಡ್ಯೂಲ್ ಒಂದರಲ್ಲಿತ್ತು. 2022ರ ತಿದ್ದುಪಡಿ ಆರು ಪಟ್ಟಿಗಳನ್ನು ನಾಲ್ಕಕ್ಕೆ ಇಳಿಸಿತು. ಹದ್ದಿನ ರಕ್ಷಣೆ ತಪ್ಪಲಿಲ್ಲ.

ಅದೇ ತಿದ್ದುಪಡಿ ಇನ್ನೊಂದು ತಮಾಷೆ ಮಾಡಿದೆ. ಮೊದಲು ಕಾಗೆ, ಇಲಿ, ಹೆಗ್ಗಣಗಳಿಗೆ ಬೇರೆಯೇ ಪಟ್ಟಿ ಇತ್ತು, ಉಪದ್ರವ ಕೊಡುವ ಜೀವಿಗಳ ಪಟ್ಟಿ. ಯಾರು ಬೇಕಾದರೂ ಹೊಡೆಯಬಹುದಿತ್ತು. ಆ ಪಟ್ಟಿಯನ್ನೇ ಎತ್ತಿಹಾಕಿದರು. ಇನ್ನು ಯಾವುದಾದರೂ ಪ್ರಾಣಿಯನ್ನು ಉಪದ್ರವಿ ಎನ್ನಬೇಕಿದ್ದರೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ನಾಗರಹಾವು ಮತ್ತು ಕೇರೆಹಾವು ಶೆಡ್ಯೂಲ್ ಒಂದಕ್ಕೆ ಏರಿದವು.

ಈಗ ಯೋಚನೆ ಮಾಡಿ. ಕಸ ಇದ್ದಲ್ಲಿ ಹೆಗ್ಗಣ. ಹೆಗ್ಗಣ ಇದ್ದಲ್ಲಿ ಕೇರೆ, ನಾಗರ. ಕಸ ಇದ್ದಲ್ಲಿ ಬೀದಿನಾಯಿ. ಊರಾಚೆ ನಾಯಿ ಹಿಂಡು ಇದ್ದಲ್ಲಿಗೆ ಚಿರತೆ. ಹೆಸರಘಟ್ಟ, ಶಿವಕೋಟೆ ಕಡೆಯವರಿಗೆ ಚಿರತೆಯ ಸುದ್ದಿ ಹೊಸದೇನಲ್ಲ. ಹೊಲದಂಚಿನಲ್ಲಿ ನವಿಲು, ಅದಂತೂ ರಾಷ್ಟ್ರಪಕ್ಷಿ, ಶೆಡ್ಯೂಲ್ ಒಂದು. ಬೆಂಗಳೂರು ಉತ್ತರದ ಯಾವ ಕಸದ ಗುಂಡಿಯ ಸುತ್ತ ಒಂದು ವಾರ ಪ್ರಾಮಾಣಿಕವಾಗಿ ನಡೆದರೂ ರಕ್ಷಿತ ಜೀವಿ ಸಿಗದೇ ಇರುವುದು ಅಸಾಧ್ಯ. ‘ಕಂಡುಬಂದಿರುವುದಿಲ್ಲ’ ಎಂದು ಬರೆಯಬೇಕಿದ್ದರೆ ಶ್ರಮಪಟ್ಟು ಕಣ್ಣು ಮುಚ್ಚಿಕೊಳ್ಳಬೇಕು. ಆ ಶ್ರಮಕ್ಕೇ ಇರಬೇಕು ಫೀಸು.

ಕಂಡುಬಂದರೂ ಕಥೆ ಬೇರೆಯಾಗುವುದಿಲ್ಲ ಬಿಡಿ. ಸಂರಕ್ಷಣಾ ಯೋಜನೆ ಎಂಬ ಒಂದು ಅಧ್ಯಾಯ ಸೇರುತ್ತದೆ. ಒಂದಷ್ಟು ಸಸಿ. ‘ವನ್ಯಜೀವಿಗಳನ್ನು ರಕ್ಷಿಸಿ’ ಎಂಬ ಫಲಕ. ಕಾರ್ಮಿಕರಿಗೆ ಅರಿವು ಶಿಬಿರ. ಕೇರೆಹಾವು ಫಲಕ ಓದಿ ಧೈರ್ಯ ತಂದುಕೊಳ್ಳಬೇಕು. ಚಿರತೆ ಶಿಬಿರಕ್ಕೆ ಬಂದು ಸಹಿ ಹಾಕಬೇಕು. ಲಕ್ಷದ ಲೆಕ್ಕದಲ್ಲಿ ದುಡ್ಡು ತೋರಿಸಿ ಪುಟ ಮುಗಿಸುತ್ತಾರೆ. ಕಸದ ರಸ ಎಲ್ಲಿಗೆ ಹೋಗುತ್ತದೆ, ಮಳೆ ಬಂದಾಗ ಗುಡ್ಡ ಎಲ್ಲಿಗೆ ಜರುಗುತ್ತದೆ, ಹಸಿ ಕಸ ಯಾಕೆ ಬೇರೆಯಾಗದೆ ಇಲ್ಲಿಗೆ ಬಂತು, ಇಂಥ ಅಸಭ್ಯ ಪ್ರಶ್ನೆಗಳಿಗೆ ಆ ಅಧ್ಯಾಯದಲ್ಲಿ ಜಾಗವಿಲ್ಲ.

ಅಧ್ಯಯನಕ್ಕೆ ಒಂದು ಋತು ಸಾಕು. ಅದೂ ಮಳೆಗಾಲ ಬಿಟ್ಟು. ಕಪ್ಪೆ ಕೂಗುವುದು ಮಳೆಗಾಲದಲ್ಲಿ. ಹುಲ್ಲುಗಾವಲು ಜೀವ ತಳೆಯುವುದು ಮಳೆಗಾಲದಲ್ಲಿ. ಕಸದ ರಸ ಹರಿಯುವುದೂ ಮಳೆಗಾಲದಲ್ಲೇ. ಮೂರನ್ನೂ ಒಟ್ಟಿಗೆ ತಪ್ಪಿಸಿಕೊಳ್ಳುವಂಥ ಕಾಲ ಆರಿಸಿದವರಿಗೆ ಯಾವುದಾದರೂ ಪ್ರಶಸ್ತಿ ಕೊಡಬೇಕು.

ಹುಲ್ಲುಗಾವಲು ಎಂದ ಮೇಲೆ ಹೆಸರಘಟ್ಟವನ್ನು ಬಿಡಲಾಗದು. ಬೆಂಗಳೂರಿನ ಸುತ್ತ ಉಳಿದಿರುವ ದೊಡ್ಡ ಹುಲ್ಲುಗಾವಲು ಅದೊಂದೇ. ಚಳಿಗಾಲಕ್ಕೆ ಹ್ಯಾರಿಯರ್ ಗಿಡುಗಗಳು ಬರುತ್ತವೆ. ಅಳಿವಿನಂಚಿನ ಲೆಸ್ಸರ್ ಫ್ಲೋರಿಕನ್ ಒಮ್ಮೆ ಇಲ್ಲಿ ಕಾಣಿಸಿಕೊಂಡು ಪಕ್ಷಿವೀಕ್ಷಕರು ಕಣ್ಣುಜ್ಜಿಕೊಂಡು ನೋಡಿದ್ದರು. ಈ ಜಾಗವನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಿ ಎಂದು ಪ್ರಸ್ತಾವ ಹೋಯಿತು. 2021ರ ಜನವರಿಯಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಅಧ್ಯಕ್ಷತೆಯ ರಾಜ್ಯ ವನ್ಯಜೀವಿ ಮಂಡಳಿ ಬೇಡ ಎಂದಿತು. ಯಲಹಂಕದ ಶಾಸಕ ಎಸ್.ಆರ್. ವಿಶ್ವನಾಥ್ ಅವರ ವಿರೋಧವಿತ್ತು. ವಿಷಯ ಹೈಕೋರ್ಟ್‌ಗೆ ಹೋಯಿತು. 2024ರ ಅಕ್ಟೋಬರ್‌ನಲ್ಲಿ, ಸಿದ್ದರಾಮಯ್ಯನವರ ಕಾಲದಲ್ಲಿ, ಅದೇ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು.

ಅದೇ ಹುಲ್ಲು. ಅದೇ ಗಿಡುಗ. ಅದೇ ಚಿರತೆ. 2021ರಲ್ಲಿ ಇರಲಿಲ್ಲವೇ? ಇದ್ದವು. ಮಂಡಳಿಯ ಹೆಸರಿನಲ್ಲೇ ವನ್ಯಜೀವಿ ಇದೆ, ಸಭೆಯಲ್ಲಿ ಅದಕ್ಕೆ ಮತವಿಲ್ಲ ಅಷ್ಟೆ.

ಹೋಗಲಿ, ಸರ್ಕಾರವನ್ನು ಬೈಯುವುದು ಸುಲಭ. ನಮ್ಮವರನ್ನೂ ಸ್ವಲ್ಪ ನೋಡೋಣ.

ಭಾನುವಾರ ಬೆಳಗ್ಗೆ ಜಕ್ಕೂರು ಕೆರೆ ಏರಿ ಮೇಲೆ ಮೊಳದುದ್ದದ ಲೆನ್ಸ್ ಹಿಡಿದವರ ಸಾಲು. ಹೆಜ್ಜಾರ್ಲೆ ಬಂದಿದೆಯಂತೆ. ಬಣ್ಣದ ಕೊಕ್ಕರೆ ಬಂದಿದೆಯಂತೆ. ಪುಟ್ಟೇನಹಳ್ಳಿ ಕೆರೆಗೆ 2015ರಲ್ಲೇ ಪಕ್ಷಿ ಸಂರಕ್ಷಣಾ ಮೀಸಲಿನ ಗೌರವ ಸಿಕ್ಕಿದೆ, ಅಲ್ಲಿಗೂ ಹೋಗುತ್ತಾರೆ. ಹೋಗಲಿ, ಒಳ್ಳೆಯದೇ. ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುತ್ತದೆ. ಹೃದಯದ ಚಿಹ್ನೆಗಳ ಮಳೆ. ಅದೇ ಗುಂಪಿನಲ್ಲಿ ಮಧ್ಯಾಹ್ನ ಇನ್ನೊಂದು ಸಂದೇಶ: ‘ಕಸದ ಗಾಡಿಯವನು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಅಂತ ಜಗಳ ಆಡುತ್ತಾನೆ, ಏನು ದುರಹಂಕಾರ!’

ಬೆಳಗ್ಗೆ ಪಕ್ಷಿಪ್ರೇಮಿ. ಮಧ್ಯಾಹ್ನ ಒಂದೇ ಕವರ್‌ನಲ್ಲಿ ಡಯಾಪರ್, ಅನ್ನ, ಬ್ಯಾಟರಿ. ಆ ಕವರ್ ಕಾಂಪ್ಯಾಕ್ಟರ್ ಹತ್ತಿ ಹೋಗುವುದು ಯಾವುದೋ ಗ್ರಹಕ್ಕಲ್ಲ. ಅದೇ ಹೆಜ್ಜಾರ್ಲೆ ನಾಳೆ ಹಾರಿ ಹೋಗಿ ಇಳಿಯಬಹುದಾದ ಇನ್ನೊಂದು ಕೆರೆಯ ಪಕ್ಕಕ್ಕೆ. ಅಲ್ಲಿ ಲೆನ್ಸ್ ಹಿಡಿದು ಯಾರೂ ನಿಲ್ಲುವುದಿಲ್ಲ. ವಾಸನೆ ನೋಡಿ.

ಈ ನಡುವೆ ಬಿಬಿಎಂಪಿ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಒಂದು ಪಾಲಿಕೆ ಇದ್ದಲ್ಲಿ ಐದು ಪಾಲಿಕೆ. ಕಸ ಐದು ಭಾಗವಾಗಲಿಲ್ಲ, ಹೊಣೆ ಆಯಿತು. ಬಂದವರೇ ಅಕ್ಟೋಬರ್ ಕೊನೆಗೆ ಒಂದು ಹೊಸ ಹಬ್ಬ ಆಚರಿಸಿದರು. ‘ಕಸ ಸುರಿಯುವ ಹಬ್ಬ’. ಹೆಸರು ನಾನಿಟ್ಟದ್ದಲ್ಲ, ಅವರೇ ಇಟ್ಟದ್ದು. ರಸ್ತೆಯಲ್ಲಿ ಕಸ ಎಸೆದವರನ್ನು ಪತ್ತೆ ಹಚ್ಚಿ, ಅವರ ಮನೆ ಮುಂದೆಯೇ ಕಸ ತಂದು ಸುರಿಯುವುದು. ಮೇಲೆ ದಂಡ. ಜನ ವಿಡಿಯೊ ನೋಡಿ ಚಪ್ಪಾಳೆ ತಟ್ಟಿದರು.

ತತ್ವ ಸರಿಯಾಗಿದೆ. ಯಾರ ಕಸವೋ ಅವರ ಬಾಗಿಲಿಗೆ. ಹಾಗಾದರೆ ಮಾವಳ್ಳಿಪುರದವರು, ಮಂಡೂರಿನವರು, ಬೆಳ್ಳಹಳ್ಳಿಯವರು, ಮಿಟ್ಟಗಾನಹಳ್ಳಿಯವರು ಈ ಹಬ್ಬ ಆಚರಿಸಲು ಹೊರಟರೆ ಲಾರಿಗಳು ಎಲ್ಲಿಗೆ ಬರಬೇಕು? ಪಾಲಿಕೆಯ ಅಂಗಳ ಸಾಕಾಗುತ್ತದೆಯೇ? ಅರಮನೆ ಮೈದಾನ ಬುಕ್ ಮಾಡಬೇಕೇ? ಅವರು ಆಚರಿಸುವುದಿಲ್ಲ. ಹಳ್ಳಿಯವರಿಗೆ ನಮ್ಮಷ್ಟು ಹಬ್ಬಗಳ ಹುಚ್ಚಿಲ್ಲ.

ಹದ್ದಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಅದನ್ನು ಯಾರೂ ಅಲ್ಲಗಳೆಯಲಾರರು. ಸರ್ಕಾರವೇ ಸಹಿ ಹಾಕಿ, ಮೊಹರು ಒತ್ತಿ, ಎರಡು ವರ್ಷಕ್ಕೊಮ್ಮೆ ಹೇಳಿದೆ: ಈ ಭಾಗದಲ್ಲಿ ಹದ್ದುಗಳಿವೆ, ಕಸಕ್ಕೆ ಬರುತ್ತವೆ, ಅಪಾಯ. ಬಿಬಿಎಂಪಿಯ ಆ ಪ್ರಕಟಣೆಗಳು ದಾಖಲೆ. ಇದಕ್ಕಿಂತ ಒಳ್ಳೆಯ ವನ್ಯಜೀವಿ ಸಮೀಕ್ಷೆ ಬೆಂಗಳೂರು ಉತ್ತರದಲ್ಲಿ ಇನ್ನೊಂದಿಲ್ಲ. ಅಂಗಡಿಯವನ ಹೊಟ್ಟೆ ಮೇಲೆ ಹೊಡೆಯುವಾಗ ಇರುವ ಹಕ್ಕಿ, ಗುತ್ತಿಗೆದಾರನ ಕಡತದಲ್ಲಿ ಇರುವುದಿಲ್ಲ ಎಂದರೆ ಅದು ಪಕ್ಷಿಶಾಸ್ತ್ರದ ಪ್ರಶ್ನೆಯಲ್ಲ.

ಆದ್ದರಿಂದ ಬೆಂಗಳೂರು ಉತ್ತರದವರು, ದೊಡ್ಡಬಳ್ಳಾಪುರದವರು, ದೇವನಹಳ್ಳಿಯವರು ಒಂದು ಕೆಲಸ ಮಾಡಿ. ಕಸದ ಘಟಕವೋ ಅದರ ವಿಸ್ತರಣೆಯೋ ಪರಿಸರ ಅನುಮತಿಗೆ ಬಂದಾಗ ಮಾಲಿನ್ಯ ನಿಯಂತ್ರಣ ಮಂಡಳಿ ಸಾರ್ವಜನಿಕ ಆಲಿಕೆ ಸಭೆ ಕರೆಯಬೇಕು. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ಓದಲು ಸಿಗಬೇಕು. ಹೋಗಿ ಕೇಳಿ. ‘ಸಾಹೇಬರು ಊಟಕ್ಕೆ ಹೋಗಿದ್ದಾರೆ’ ಅಂದರೆ ಊಟ ಮುಗಿಯುವವರೆಗೆ ಕೂತಿರಿ. ವರದಿ ಕೈಗೆ ಬಂದ ಮೇಲೆ ಪ್ರಾಣಿಪಕ್ಷಿಗಳ ಕೋಷ್ಟಕವನ್ನೇ ಮೊದಲು ತೆರೆಯಿರಿ. ಹದ್ದು ಇದೆಯೇ? ನಾಗರಹಾವು? ನವಿಲು? ಇಲ್ಲದಿದ್ದರೆ ಏರೋ ಇಂಡಿಯಾದ ಮಾಂಸ ನಿಷೇಧದ ಪ್ರಕಟಣೆಯ ಪ್ರತಿಯನ್ನು ಆಕ್ಷೇಪಣೆಗೆ ಪಿನ್ ಹೊಡೆದು ಕೊಡಿ. ಮೊಬೈಲ್‌ನಲ್ಲಿ ತೆಗೆದ ಫೋಟೊ, ತಾರೀಖು, ಜಾಗ ಸೇರಿಸಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.

ಸಭೆಗೂ ಹೋಗಿ. ವೇದಿಕೆಯ ಮೇಲೆ ಪ್ರೊಜೆಕ್ಟರ್ ಇರುತ್ತದೆ, ಇಂಗ್ಲಿಷ್ ಸ್ಲೈಡುಗಳು ಇರುತ್ತವೆ, ಹಿಂದೆ ಊಟದ ಪೊಟ್ಟಣಗಳೂ ಇರುತ್ತವೆ. ಸಭೆ ಮುಗಿಯುವಾಗ ಯಾರು ಏನು ಹೇಳಿದರು ಎಂಬ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು ಅಂತ ಆ 2006ರ ಅಧಿಸೂಚನೆಯಲ್ಲೇ ಇದೆ. ಅದನ್ನು ಓದಿಸಿ. ನೀವು ಹೇಳಿದ ಹದ್ದು ಅದರಲ್ಲಿ ಬಂತೇ ಕೇಳಿಸಿಕೊಳ್ಳಿ. ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.